ಚೊರಾವ್–ದಿವಾರ್ ಸುತ್ತಿಗೆ ಎಷ್ಟು ಹೊತ್ತು ಬೇಕು?

ಪ್ರಶ್ನೆ: ಪಣಜಿಯಿಂದ ಹೊರಟು ಮಾಂಡೋವಿ ನದಿಯ ದಿವಾರ್ ದ್ವೀಪ, ಚೊರಾವ್ ದ್ವೀಪದ ಪಕ್ಷಿಧಾಮದ ಕಡೆಯಿಂದ ರೋಡ್ ಸೈಕಲ್‌ನಲ್ಲಿ ಸುತ್ತಿ ಬರಬೇಕು ಅಂತಿದ್ದೀವಿ. ದೂರ 40 ಕಿ.ಮೀ. ಒಳಗೇ ಇದೆ, ನಮ್ಮ ವೇಗ ಗಂಟೆಗೆ 20. ಎರಡು ಗಂಟೆ ಸಾಕಲ್ವಾ?

ಸಾಲದು. ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಕೂಡಲೇ ಈ ಪ್ರಶ್ನೆ ಬರುತ್ತೆ, ಪ್ರತಿ ಸಲವೂ ಅದೇ ಭಾಗಾಕಾರ ಮಾಡಿಕೊಂಡೇ ಬರುತ್ತೆ. ಆದ್ದರಿಂದ ಈ ಸಲ ಲೆಕ್ಕವನ್ನು ಪೂರ್ತಿ ಬಿಡಿಸಿಡೋಣ.

ಮೊದಲು ದಾರಿ. ಪಣಜಿ, ರಾಯಬಂದರ್, ಹಳೇ ಗೋವಾ. ಅಲ್ಲಿಂದ ಫೆರಿಯಲ್ಲಿ ದಿವಾರ್. ದ್ವೀಪ ದಾಟಿ ಇನ್ನೊಂದು ಫೆರಿಯಲ್ಲಿ ನಾರ್ವೆ. ನಾರ್ವೆಯಿಂದ ಮಯೆಂ, ಸೇತುವೆ ದಾಟಿದರೆ ಚೊರಾವ್. ಅದರ ಪಶ್ಚಿಮ ತುದಿಯಲ್ಲಿ ಪಕ್ಷಿಧಾಮ, ಅದರ ಪಕ್ಕದಲ್ಲೇ ಧಕ್ಕೆ. ಮೂರನೇ ಫೆರಿ ಹತ್ತಿದರೆ ರಾಯಬಂದರ್. ಒಂದೊಂದು ಫೆರಿಗೆ ಕಾಯುವುದೂ ಸೇರಿ 15 ನಿಮಿಷ ಹಿಡಿದರೆ ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ನಾರ್ವೆಯಲ್ಲಿ ಸಪ್ತಕೋಟೇಶ್ವರ ದೇವಸ್ಥಾನಕ್ಕೂ ಸ್ವಲ್ಪ ಹೊತ್ತು ಇಡಿ. ಗೋವೆಯ ಕದಂಬರು ನಡೆದುಕೊಳ್ಳುತ್ತಿದ್ದ ದೇವರು. ಗುಡಿ ಮೊದಲು ಇದ್ದದ್ದು ದಿವಾರ್‌ನಲ್ಲಿ. ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ದೇವರನ್ನು ಹೊಳೆ ದಾಟಿಸಿ ಇಲ್ಲಿಗೆ ತಂದರು, 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಕನ್ನಡದವರು ಇದನ್ನು ನೋಡದೆ ಮುಂದೆ ಹೋಗಬಾರದು.

ಇನ್ನು ಆ ಹಟಮಾರಿ ನಂಬಿಕೆ: ‘ಸುತ್ತು ಅಂದಮೇಲೆ ಹೊರಟಲ್ಲಿಗೇ ಬರ್ತೀವಿ. ಏರಿದಷ್ಟೂ ಇಳೀತೀವಿ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಿಗೆ. ಕೊನೆಗೆ ಎಲ್ಲಾ ಸರಿಹೋಗುತ್ತೆ.’ ಎತ್ತರದ ಮಟ್ಟಿಗೆ ಇದು ನಿಜ. ಸಮಯದ ಮಟ್ಟಿಗೆ ಪೂರಾ ತಪ್ಪು.

10 ಕಿ.ಮೀ. ದಾರಿ ತಗೊಳ್ಳಿ. ಸಮತಟ್ಟಾಗಿದ್ದು 20ರ ವೇಗ ಇದ್ದರೆ 30 ನಿಮಿಷ. ಅದೇ ದಾರಿಯಲ್ಲಿ 5 ಕಿ.ಮೀ. ಏರು, 5 ಕಿ.ಮೀ. ಇಳಿಜಾರು ಇದೆ ಅನ್ನಿ. ಏರನ್ನು 10ರ ವೇಗದಲ್ಲಿ ಹತ್ತಿದರೆ ನೆತ್ತಿ ಮುಟ್ಟುವಾಗಲೇ 30 ನಿಮಿಷ ಮುಗಿದಿರುತ್ತೆ. ಸರಾಸರಿ 20 ಉಳಿಯಬೇಕಾದರೆ ಉಳಿದ 5 ಕಿ.ಮೀ.ಯನ್ನು ಸೊನ್ನೆ ನಿಮಿಷದಲ್ಲಿ ಇಳಿಯಬೇಕು! 30ರಲ್ಲಿ ಇಳಿದರೆ ಸರಾಸರಿ 15, ಧೈರ್ಯ ಮಾಡಿ 40ರಲ್ಲಿ ಇಳಿದರೂ 16. ನಿಧಾನವಾಗಿ ಹೋಗುವ ದಾರಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ವೇಗದ ದಾರಿಯಲ್ಲಿ ಕಡಿಮೆ ಹೊತ್ತು. ಇಷ್ಟೇ ವಿಷಯ. ಅದೂ ಅಲ್ಲದೆ ತಿರುವು, ದನ, ಅಂಚಿಗೆ ಹರಡಿದ ಕೆಂಪು ಜಲ್ಲಿ ಇವೆಲ್ಲ ಬ್ರೇಕ್ ಹಿಡಿಸುತ್ತವೆ. ಹತ್ತುವಾಗ ಗಳಿಸಿದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತೆ.

ಈ ಸುತ್ತಿನಲ್ಲಿ ಘಾಟಿ ಇಲ್ಲ. ದಿವಾರ್‌ನ ಪಿಯೆದಾದ್ ಚರ್ಚಿನ ಗುಡ್ಡ, ನಾರ್ವೆ–ಮಯೆಂ ನಡುವಿನ ಏರಿಳಿತ, ಅಷ್ಟೇ. ಆದರೂ ಲೆಕ್ಕಕ್ಕೆ ಒಂದು ಅಳತೆ ಇರಲಿ: ಸವಾರ, ಸೈಕಲ್ ಸೇರಿ 85 ಕೆ.ಜಿ. ಇದ್ದು, ಕಾಲಿನಿಂದ 120 ವಾಟ್ ಬರುತ್ತಿದ್ದರೆ, ಪ್ರತಿ 100 ಮೀಟರ್ ಎತ್ತರಕ್ಕೆ ಕನಿಷ್ಠ ಹನ್ನೊಂದೂವರೆ ನಿಮಿಷ.

ಗಾಳಿಯ ಲೆಕ್ಕ ಇನ್ನೂ ಕಠಿಣ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ನೀವು 20ರಲ್ಲಿ ಹೋಗುತ್ತಿದ್ದು, ಗಾಳಿ 15ರಲ್ಲಿ ಎದುರಿಗೆ ಬಂದರೆ ಮೈಗೆ ತಾಗುವುದು 35ರ ಗಾಳಿ, ತಡೆ ಮೂರು ಪಟ್ಟು. ಅದೇ ಗಾಳಿ ಬೆನ್ನಿಗಿದ್ದರೆ ತಾಗುವುದು 5 ಮಾತ್ರ, ತಡೆ ಹದಿನಾರರಲ್ಲಿ ಒಂದು ಪಾಲು. ಅಂದರೆ ಗಾಳಿ ಇಲ್ಲದಾಗಿನ ತಡೆಯನ್ನು ಒಂದು ಪಾಲು ಅಂದುಕೊಂಡರೆ, ಬೆನ್ನಗಾಳಿಯಲ್ಲಿ ಉಳಿತಾಯವಾಗುವುದು ಹೆಚ್ಚೆಂದರೆ ಒಂದು ಪಾಲು, ಎದುರುಗಾಳಿಯಲ್ಲಿ ಹೆಚ್ಚಾಗಿ ತೆರುವುದು ಎರಡು ಪಾಲು. ಎಲ್ಲಿ ಸರಿಹೋಯಿತು?

ಗೋವೆಯಲ್ಲಿ ಬಿಸಿಲೇರಿದ ಮೇಲೆ ಸಮುದ್ರದ ಗಾಳಿ ಪಶ್ಚಿಮದಿಂದ ಬೀಸುತ್ತೆ, ಪಣಜಿಗೆ ವಾಪಸಾಗುವುದೂ ಪಶ್ಚಿಮಕ್ಕೇ. ಕೊನೆಗೆ ಸಿಗುವ ರಾಯಬಂದರ್ ಕಾಸ್‌ವೇ (ನೀರಿನ ನಡುವೆ ಎತ್ತರಿಸಿ ಕಟ್ಟಿದ ರಸ್ತೆ) 1633–34ರಲ್ಲಿ ಕಟ್ಟಿದ್ದು, ಸುಮಾರು 3 ಕಿ.ಮೀ. ಉದ್ದ, ಗಾಳಿಗೆ ಪೂರ್ತಿ ಬಯಲು. ಅದಕ್ಕೇ ಮೇಲೆ ಬರೆದ ಅಪ್ರದಕ್ಷಿಣೆಯೇ ಒಳ್ಳೆಯದು. ಹಳೇ ಗೋವಾ ರಸ್ತೆ ಟೂರಿಸ್ಟ್ ಬಸ್ಸುಗಳು ಬರುವ ಮೊದಲೇ ಮುಗಿಯುತ್ತೆ, ಚೊರಾವ್‌ನಲ್ಲಿ ಪಶ್ಚಿಮಕ್ಕೆ ಬರುವಾಗ ಮನೆ, ಮರಗಳು ಗಾಳಿಯನ್ನು ಅಲ್ಲಲ್ಲಿ ತಡೆಯುತ್ತವೆ. ಬೆಳಿಗ್ಗೆ 6ಕ್ಕೆ ಹೊರಟರೆ ಹತ್ತೂವರೆಗೆ ಮನೆ. 28 ಎಂ.ಎಂ. ಟೈರ್, ಎರಡು ಟ್ಯೂಬ್, ಪಂಪ್, ಎರಡು ಬಾಟಲಿ ನೀರು ಸಾಕು.

‘ಹಾಗಾದ್ರೆ ಪಕ್ಷಿಧಾಮಕ್ಕೆ ತಡವಾಗಲ್ವಾ’ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು. ಸಲೀಂ ಅಲಿ ಪಕ್ಷಿಧಾಮ 1988ರಲ್ಲಿ ಘೋಷಣೆಯಾದದ್ದು, ವಿಸ್ತಾರ ಬರೀ 1.78 ಚದರ ಕಿ.ಮೀ., ಎಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಇಲ್ಲಿ ಗಡಿಯಾರದಷ್ಟೇ ಮುಖ್ಯವಾದದ್ದು ಉಬ್ಬರ–ಇಳಿತ. ನೀರು ಇಳಿದಾಗ ಕೆಸರು ಬಯಲಾಗುತ್ತೆ, ಏಡಿ, ಕೆಸರಲ್ಲಿ ಕುಪ್ಪಳಿಸುವ ಮೀನು ಹೊರಬರುತ್ತವೆ, ಅವನ್ನು ಹುಡುಕಿಕೊಂಡು ಕೊಕ್ಕರೆ, ಮಿಂಚುಳ್ಳಿ ಬರುತ್ತವೆ. ಉಬ್ಬರದಲ್ಲಿ ಬೇರಿನವರೆಗೂ ಬರೀ ನೀರು. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ವಾರಕ್ಕೆ ಹತ್ತಿರಹತ್ತಿರ 6 ಗಂಟೆ. ಈ ಭಾನುವಾರ 9ಕ್ಕೆ ಇಳಿತ ಇದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಮ್ಮಿ ಉಬ್ಬರ. ಆದ್ದರಿಂದ ದಿನ ಗೊತ್ತುಮಾಡುವ ಮೊದಲು ಉಬ್ಬರ–ಇಳಿತದ ಪಟ್ಟಿ ನೋಡಿ, ಇಳಿತ 8ರಿಂದ 10ರ ಒಳಗೆ ಬೀಳುವ ಭಾನುವಾರ ಆರಿಸಿ. ಒಳಗೆ ನಡೆದೇ ನೋಡಬೇಕು, ಸೈಕಲ್ಲಿಗೆ ಗಟ್ಟಿ ಬೀಗ ಇರಲಿ.

ಇಳಿತದ ದಿನ ಒಂದು ತೊಂದರೆಯೂ ಇದೆ. ಧಕ್ಕೆಯ ಇಳಿಜಾರಿನಲ್ಲಿ ಉಳಿದ ಹೊತ್ತು ನೀರೊಳಗಿರುವ ಕಾಂಕ್ರೀಟ್ ಹೊರಗೆ ಕಾಣುತ್ತೆ, ಅದರ ಮೇಲೆ ಹಸಿರು ಪಾಚಿ. ಕ್ಲೀಟ್ ಶೂ (ಪೆಡಲ್‌ಗೆ ಸಿಕ್ಕಿಸುವ ಗಟ್ಟಿ ಅಡಿಯ ಶೂ) ಅಲ್ಲಿ ನಿಲ್ಲುವುದೇ ಇಲ್ಲ. ಒಣಗಿದ ಜಾಗದಲ್ಲೇ ಸೈಕಲ್‌ನಿಂದ ಇಳಿದು, ಎರಡೂ ಬ್ರೇಕ್ ಹಿಡಿದು, ಪಾಚಿ ಇಲ್ಲದ ಅಂಚಿನಲ್ಲಿ ಅಡ್ಡಡ್ಡ ಹೆಜ್ಜೆ ಇಡುತ್ತಾ ಫೆರಿ ಹತ್ತಿ.