ಎದುರು ಪಾಳಯದ ಹೊಗಳಿಕೆಗೆ ತೂಕವೆಷ್ಟು?

2016ರ ಮೇ 19ರಂದು ಕೇರಳದ ಗಡಿನಾಡು ವಿಧಾನಸಭಾ ಕ್ಷೇತ್ರ ಮಂಜೇಶ್ವರದ ಮತ ಎಣಿಕೆ ಮುಗಿದಾಗ ಗೆದ್ದ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ ಸಿಕ್ಕಿದ್ದು 56,870 ಮತ, ಸೋತ ಕೆ. ಸುರೇಂದ್ರನ್ ಅವರಿಗೆ 56,781. ಅಂತರ 89. ನಮ್ಮ ಕಡೆಯ ಮದುವೆ ಮನೆಯಲ್ಲಿ ಮೊದಲ ಹಂತಿಗೆ ಕೂರುವವರೇ ಇದಕ್ಕಿಂತ ಹೆಚ್ಚಿರುತ್ತಾರೆ. ಬರೇ 45 ಮಂದಿ ಈಚೆಯಿಂದ ಆಚೆಗೆ ವಾಲಿದ್ದರೆ ಶಾಸಕರೇ ಬೇರೆಯಾಗುತ್ತಿದ್ದರು.

ಮರುದಿನ ಉಪ್ಪಳದ ಚಾ ಅಂಗಡಿಯಲ್ಲಿ ಕೂತಾಗ ಕಾರಣಗಳ ಮಳೆಯೇ ಸುರಿಯುತ್ತಿತ್ತು. ಅದರಲ್ಲಿ ಎರಡು ಮಾತು ಈಗಲೂ ನನ್ನ ತಲೆಯಲ್ಲಿವೆ. ಒಬ್ಬರು ಹೇಳಿದರು: "ಆ ಪೇಪರಿನವರು ಕಡೇ ವಾರ ಹಾಗೆ ಬರೆಯದಿದ್ದರೆ ಇವರು ಗೆಲ್ಲುತ್ತಿರಲಿಲ್ಲ ಮಾರಾಯ್ರೆ." ಇನ್ನೊಬ್ಬರದು ನೇರ ವಿರುದ್ಧ: "ಅದು ಪಕ್ಷದ ಪೇಪರು. ಅದರಲ್ಲಿ ಬಂದದ್ದಕ್ಕೆ ಮೂರು ಕಾಸಿನ ಬೆಲೆ ಇಲ್ಲ." ಮೂಲೆಯಲ್ಲಿ ಕೂತಿದ್ದ ನಿವೃತ್ತ ಮಾಸ್ಟ್ರು ಎರಡಕ್ಕೂ ತಲೆ ಅಲ್ಲಾಡಿಸಲಿಲ್ಲ. ಅವರ ಮುಂದೆ ಎರಡು ಕನ್ನಡ ಪತ್ರಿಕೆ, ಮೂರು ಮಲಯಾಳ ಪತ್ರಿಕೆ ಹರಡಿದ್ದವು.

ಎರಡೂ ಮಾತು ತಪ್ಪು. ಎರಡನೆಯದು ಯಾಕೆ ತಪ್ಪು ಎನ್ನುವುದರಲ್ಲಿ ಸಂಭವನೀಯತೆಯ ಗಣಿತದ ಒಂದು ಸುಂದರವಾದ ಸಂಗತಿ ಅಡಗಿದೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಮೊದಲನೆಯ ಮಾತನ್ನು ಬೇಗ ಮುಗಿಸುತ್ತೇನೆ. ಅದು ಕಾಕತಾಳೀಯ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ಆದ್ದರಿಂದ ಕಾಗೆಯೇ ಬೀಳಿಸಿತು. 1992ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ 'ದಿ ಸನ್' ಪತ್ರಿಕೆ ತಾನು ಬೆಂಬಲಿಸಿದ ಕನ್ಸರ್ವೇಟಿವ್ ಪಕ್ಷ ಗೆದ್ದೊಡನೆ ಗೆಲುವು ತನ್ನದೇ ಸಾಧನೆ ಎಂಬರ್ಥದ ತಲೆಬರಹ ಹಾಕಿಕೊಂಡಿತು. 1997ರ ಮಾರ್ಚ್ 18ರಂದು ಅದೇ ಪತ್ರಿಕೆ ಮಗ್ಗುಲು ಬದಲಿಸಿ ಲೇಬರ್ ಪಕ್ಷದ ಟೋನಿ ಬ್ಲೇರ್ ಅವರಿಗೆ ಬೆಂಬಲ ಸಾರಿತು, ಲೇಬರ್ ಗೆದ್ದಿತು. ಆದರೆ ಆ ಹೊತ್ತಿಗಾಗಲೇ ಸಮೀಕ್ಷೆಗಳಲ್ಲಿ ಲೇಬರ್ ಬಹಳ ಮುಂದಿತ್ತು. ಪತ್ರಿಕೆ ಓದುಗರನ್ನು ಎಳೆಯಿತೋ, ಓದುಗರು ಪತ್ರಿಕೆಯನ್ನು ಎಳೆದರೋ? ತಾಯಿತ, ಅಂಜನ ಎಂದರೆ ನಗುವ ವಿದ್ಯಾವಂತರೂ 'ಪೇಪರು ಗೆಲ್ಲಿಸಿತು' ಎಂಬ ಮಾತನ್ನು ಕಣ್ಣುಮುಚ್ಚಿ ನಂಬುತ್ತಾರೆ. ತಾಯಿತ ಕಟ್ಟಿದ ಮೇಲೆ ಜ್ವರ ಬಿಟ್ಟಿತು ಎನ್ನುವ ತರ್ಕಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನನಗೆ ಇದು ಬೇಸರವಲ್ಲ, ಆತಂಕ.

ಹಾಗಾದರೆ ಪತ್ರಿಕೆಯ ಪ್ರಭಾವವನ್ನು ಅಳೆಯುವುದು ಹೇಗೆ? ಇಲ್ಲೇ ಕಾಸರಗೋಡಿನ ಸಿಪಿಸಿಆರ್‌ಐ ತೋಟಕ್ಕೆ ಹೋಗಿ ನೋಡಿ. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಶುರುವಾದ ಜಾಗ ಅದು. ಹೊಸ ಗೊಬ್ಬರ ಹಾಕಿದ ಮರದಲ್ಲಿ ನೂರು ಕಾಯಿ ಬಿಟ್ಟಿತು ಎಂದರೆ ವಿಜ್ಞಾನಿ ಒಪ್ಪುವುದಿಲ್ಲ. ಗೊಬ್ಬರಕ್ಕೆ ಮೊದಲು ಆ ಮರ ಎಷ್ಟು ಬಿಡುತ್ತಿತ್ತು, ಗೊಬ್ಬರ ಹಾಕದ ಪಕ್ಕದ ಮರ ಎಷ್ಟು ಬಿಟ್ಟಿತು ಎಂದು ಕೇಳುತ್ತಾರೆ. ಜೊನಾಥನ್ ಲ್ಯಾಡ್ ಮತ್ತು ಗೇಬ್ರಿಯಲ್ ಲೆನ್ಜ್ ಎಂಬ ಇಬ್ಬರು ರಾಜಕೀಯ ವಿಜ್ಞಾನಿಗಳು ಮಾಡಿದ್ದು ಇದನ್ನೇ. 1992ರಿಂದ 1997ರ ವರೆಗೆ ಒಂದೇ ಗುಂಪಿನ ಮತದಾರರನ್ನು ಮತ್ತೆ ಮತ್ತೆ ಸಂದರ್ಶಿಸಿದ ದಾಖಲೆ ಬ್ರಿಟನ್ನಿನಲ್ಲಿತ್ತು. ಮಗ್ಗುಲು ಬದಲಿಸಿದ ಪತ್ರಿಕೆಗಳ ಓದುಗರನ್ನೂ, ಎಲ್ಲ ರೀತಿಯಲ್ಲೂ ಅವರನ್ನೇ ಹೋಲುವ ಆದರೆ ಆ ಪತ್ರಿಕೆಗಳನ್ನು ಓದದವರನ್ನೂ ಅಕ್ಕಪಕ್ಕ ಇಟ್ಟರು. 2009ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಆ ಓದುಗರಲ್ಲಿ ಕನಿಷ್ಠ ನೂರಕ್ಕೆ 10, ಹೆಚ್ಚೆಂದರೆ 25ರಷ್ಟು ಜನ ಪತ್ರಿಕೆಯ ಮಾತಿನಿಂದ ವಾಲಿದ್ದರು. ಇದಕ್ಕೂ ಮೊದಲು, 1964ರ ಅಮೆರಿಕದ ಚುನಾವಣೆಯನ್ನು ಅಭ್ಯಸಿಸಿದ ರಾಬರ್ಟ್ ಎರಿಕ್ಸನ್, ಸ್ಥಳೀಯ ಪತ್ರಿಕೆ ಡೆಮಾಕ್ರಟರನ್ನು ಬೆಂಬಲಿಸಿದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಆ ಪಕ್ಷಕ್ಕೆ ಶೇಕಡ 5ರಷ್ಟು ಹೆಚ್ಚುವರಿ ಲಾಭವಾಗಿತ್ತು ಎಂದು ಕಂಡುಕೊಂಡಿದ್ದರು.

ಪ್ರಭಾವ ಇದೆ ಎಂದಾಯಿತು. ಆದರೆ 1997ರಲ್ಲಿ ಅದು ಅಷ್ಟು ದೊಡ್ಡದಾಗಿ ಕಂಡದ್ದು ಪತ್ರಿಕೆ ತನ್ನ ಹಳೆಯ ಬಣ್ಣ ಬಿಟ್ಟಾಗ. ಗುಟ್ಟು ಇರುವುದು ಅಲ್ಲೇ.

ಅಡಿಕೆ ಮಾರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೋಣಿ ಬಿಚ್ಚಿದ ಕೂಡಲೇ ಪಟೋರ ಜಾಸ್ತಿ, ಕರಿಗೋಟು ಸೇರಿದೆ ಎಂದು ಮೂಗು ಮುರಿಯುವ ಸೇಟು ಒಬ್ಬರಿರುತ್ತಾರೆ. ಅವರ ದೂರಿಗೆ ಯಾರೂ ಬೇಸರ ಮಾಡುವುದಿಲ್ಲ, ಅದು ಅವರ ವ್ಯಾಪಾರ. ಆದರೆ ಅದೇ ಸೇಟು ಒಂದು ದಿನ ಹಿಡಿ ತುಂಬ ಅಡಿಕೆ ಎತ್ತಿ "ಒಳ್ಳೆ ಮಾಲು" ಎಂದರೆ? ಮನೆಗೆ ಬಂದು ಹೆಂಡತಿಗೆ ಹೇಳುವಷ್ಟು ದೊಡ್ಡ ಸುದ್ದಿ ಅದು. ತಾಳಮದ್ದಳೆಯಲ್ಲಿ ದ್ರೌಪದಿಯ ಪರವಾಗಿ ವಿದುರ ಎಷ್ಟು ಮಾತಾಡಿದರೂ ಸಭೆ ತಣ್ಣಗಿರುತ್ತದೆ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ನಿಂತಾಗ ಮೈ ಜುಮ್ಮೆನ್ನುತ್ತದೆ. ವಾದ ಅದೇ, ಬಾಯಿ ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ; ಸವತಿಗೂ ಆ ಮಗು ಮುದ್ದೆನಿಸಿದರೆ ಅದು ನಿಜಕ್ಕೂ ಮುದ್ದಾಗಿಯೇ ಇರಬೇಕು.

ಈ ಅನುಭವಕ್ಕೆ ಲೆಕ್ಕದ ರೂಪ ಕೊಟ್ಟವರು ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಬದುಕಿದ್ದಾಗ ಅವರು ಅದನ್ನು ಪ್ರಕಟಿಸಲಿಲ್ಲ. 1761ರಲ್ಲಿ ತೀರಿಕೊಂಡ ಮೇಲೆ ಗೆಳೆಯ ರಿಚರ್ಡ್ ಪ್ರೈಸ್ ಹಾಳೆಗಳನ್ನು ಹುಡುಕಿ ತೆಗೆದು 1763ರಲ್ಲಿ ಬೆಳಕಿಗೆ ತಂದರು. ಸೂತ್ರ ಬೇಡ, ತಲೆ ಎಣಿಸಿದರೆ ಸಾಕು.

ಒಂದು ಪಕ್ಷದ ಮುಖವಾಣಿ ಇದೆ ಎನ್ನಿ. ಅದರ ಪಕ್ಷದಿಂದ ವರ್ಷಾನುವರ್ಷ ಚುನಾವಣೆಗೆ ನಿಂತವರಲ್ಲಿ 100 ಮಂದಿ ಯೋಗ್ಯರು, 100 ಮಂದಿ ಅಯೋಗ್ಯರು ಎಂದು ಭಾವಿಸೋಣ. ಪತ್ರಿಕೆ ಯೋಗ್ಯರಲ್ಲಿ 99 ಮಂದಿಯನ್ನು ಹೊಗಳುತ್ತದೆ, ಅಯೋಗ್ಯರಲ್ಲಿ 95 ಮಂದಿಯನ್ನು. ಈಗ ಒಬ್ಬ ಅಭ್ಯರ್ಥಿಯ ಹೊಗಳಿಕೆ ನಿಮ್ಮ ಕಣ್ಣಿಗೆ ಬಿತ್ತು. ಹೊಗಳಿಸಿಕೊಂಡ 194 ಮಂದಿಯಲ್ಲಿ ಯೋಗ್ಯರು 99. ಅಂದರೆ ನೂರಕ್ಕೆ 51. ಓದುವ ಮೊದಲು 50 ಇತ್ತು, ಓದಿದ ಮೇಲೆ 51. ಚಾ ಅಂಗಡಿಯ ಎರಡನೆಯವರು ಹೇಳಿದ್ದು ಇಷ್ಟರ ಮಟ್ಟಿಗೆ ನಿಜ.

ಆದರೆ ಅದೇ ಪತ್ರಿಕೆ ತನ್ನದೇ ಪಕ್ಷದ ಅಭ್ಯರ್ಥಿಯ ಬಗ್ಗೆ ಒಂದಕ್ಷರವನ್ನೂ ಬರೆಯದೆ ಸುಮ್ಮನಿದ್ದರೆ? ಹಾಗೆ ಬಿಟ್ಟುಹೋದವರು ಒಟ್ಟು ಆರು ಮಂದಿ. ಅವರಲ್ಲಿ ಯೋಗ್ಯ ಒಬ್ಬ, ಅಯೋಗ್ಯರು ಐವರು. 50 ಇದ್ದದ್ದು ಒಂದೇ ಏಟಿಗೆ 17ಕ್ಕೆ ಕುಸಿಯಿತು! ಮೌನ ಸಮ್ಮತಿಯ ಲಕ್ಷಣ ಎನ್ನುತ್ತೇವೆ. ಇಲ್ಲಿ ಮೌನವೇ ಅಸಮ್ಮತಿ, ಅದೂ ಮಾತಿಗಿಂತ ಎಷ್ಟೋ ಪಟ್ಟು ಜೋರಾದ ಅಸಮ್ಮತಿ.

ಮೂರನೆಯ ಲೆಕ್ಕ, ಎದುರು ಪಾಳಯದ ಪತ್ರಿಕೆಯದು. ತಾನು ವಿರೋಧಿಸುವ ಪಕ್ಷದ 200 ಯೋಗ್ಯರಲ್ಲಿ ಅದು 20 ಮಂದಿಯ ಬಗ್ಗೆ ಮನಸ್ಸಿಲ್ಲದ ಮನಸ್ಸಿನಿಂದ ಒಳ್ಳೆಯ ಮಾತು ಬರೆದೀತು. 200 ಅಯೋಗ್ಯರಲ್ಲಿ ಹೆಚ್ಚೆಂದರೆ ಒಬ್ಬನ ಬಗ್ಗೆ. ಹಾಗೆ ಹೊಗಳಿಕೆ ಪಡೆದ 21 ಮಂದಿಯಲ್ಲಿ 20 ಮಂದಿ ಯೋಗ್ಯರೇ. ನೂರಕ್ಕೆ 95! ನಿಷ್ಪಕ್ಷಪಾತಿ ಎನ್ನಿಸಿಕೊಂಡ ಪತ್ರಿಕೆ ಯೋಗ್ಯರಲ್ಲಿ 70, ಅಯೋಗ್ಯರಲ್ಲಿ 30 ಮಂದಿಯನ್ನು ಹೊಗಳುವಂಥದ್ದಾದರೆ ಅದರ ಹೊಗಳಿಕೆ ನಿಮ್ಮನ್ನು 70ಕ್ಕೆ ತಲುಪಿಸುತ್ತದೆ, ಅಷ್ಟೇ. ಪಕ್ಷಪಾತದ ಪತ್ರಿಕೆ ನಿಷ್ಪ್ರಯೋಜಕ ಎನ್ನುವವರು ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಪಕ್ಷಪಾತ ಯಾವ ಕಡೆಗೆ ಎಂದು ನಮಗೆ ಗೊತ್ತಿದ್ದರೆ, ಅದರ ವಿರುದ್ಧ ದಿಕ್ಕಿನಲ್ಲಿ ಬಂದ ಒಂದೇ ವಾಕ್ಯ ನಿಷ್ಪಕ್ಷಪಾತಿಯ ಇಡೀ ಸಂಪಾದಕೀಯಕ್ಕಿಂತ ಭಾರ.

ಇದರೊಳಗೆ ಇನ್ನೂ ಸೊಗಸಾದ ಒಂದು ಸಮತೋಲನವಿದೆ. ಹಳೆಯ ತೋಟಗಳ ಬಾವಿಕಟ್ಟೆಯ ಏತವನ್ನು ನೆನಪಿಸಿಕೊಳ್ಳಿ. ಒಂದು ಕಡೆ ಉದ್ದದ ತೋಳು, ತುದಿಯಲ್ಲಿ ಹಗುರ ಕೊಡ. ಇನ್ನೊಂದು ಕಡೆ ಗಿಡ್ಡ ತೋಳು, ಅದಕ್ಕೆ ಕಟ್ಟಿದ ದೊಡ್ಡ ಕಲ್ಲು. ಮುಖವಾಣಿಯ ಲೆಕ್ಕ ಥೇಟ್ ಇದೇ. ನೂರರಲ್ಲಿ 97 ಸಲ ಹೊಗಳುತ್ತದೆ, ಅದು ಉದ್ದದ ತೋಳು. ಪ್ರತಿ ಸಲ ನಂಬಿಕೆ ಏರುವುದು ಸುಮಾರು ಒಂದೇ ಅಂಶ. ಮೂರು ಸಲ ಸುಮ್ಮನಿರುತ್ತದೆ, ಅದು ಗಿಡ್ಡ ತೋಳು. ಪ್ರತಿ ಸಲ ಕುಸಿಯುವುದು ಸುಮಾರು 33 ಅಂಶ. 97ನ್ನು ಒಂದರಿಂದ ಗುಣಿಸಿ, 3ನ್ನು 33ರಿಂದ ಗುಣಿಸಿ, ಎರಡೂ ಹೆಚ್ಚುಕಡಿಮೆ ಸಮ. ಇದು ನಾನು ಅಂಕಿಗಳನ್ನು ಹೊಂದಿಸಿದ್ದರಿಂದ ಆದದ್ದಲ್ಲ. ಯಾವ ಅಂಕಿ ಹಾಕಿದರೂ ಪೂರ್ತಿ ಲೆಕ್ಕದಲ್ಲಿ ಏತ ಮಟ್ಟಸವಾಗಿಯೇ ನಿಲ್ಲುತ್ತದೆ. ದಿನಾ ಹೊಗಳುವವರು ಹೊಗಳಿಕೆಯ ತೂಕವನ್ನೆಲ್ಲ ತಮ್ಮ ಮೌನಕ್ಕೆ ವರ್ಗಾಯಿಸಿಬಿಟ್ಟಿರುತ್ತಾರೆ.

ಲೆಕ್ಕ ಹಾಳೆಯ ಮೇಲೆ ಚೆಂದ. ಮನುಷ್ಯರು ಹೀಗೆ ಯೋಚಿಸುತ್ತಾರೆಯೇ? ಚುನ್-ಫಾಂಗ್ ಚಿಯಾಂಗ್ ಮತ್ತು ಬ್ರಯಾನ್ ನೈಟ್ ಅಮೆರಿಕದ 2000 ಮತ್ತು 2004ರ ಚುನಾವಣೆಗಳ ಮತದಾರರನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. 2011ರಲ್ಲಿ ಬಂದ ಅವರ ಫಲಿತಾಂಶ ಸ್ಪಷ್ಟವಾಗಿತ್ತು: ಎಡಕ್ಕೆ, ಅಂದರೆ ಡೆಮಾಕ್ರಟರ ಕಡೆಗೇ, ವಾಲಿದ ಪತ್ರಿಕೆ ಡೆಮಾಕ್ರಟರಿಗೆ ಬೆಂಬಲ ಕೊಟ್ಟಾಗ ಆದ ಪರಿಣಾಮಕ್ಕಿಂತ ಮಧ್ಯಸ್ಥ ಅಥವಾ ಬಲಕ್ಕೆ ವಾಲಿದ ಪತ್ರಿಕೆ ಕೊಟ್ಟಾಗ ಆದ ಪರಿಣಾಮ ದೊಡ್ಡದು. ಬೇಯ್ಸ್ ಹೆಸರನ್ನೇ ಕೇಳದ ಓದುಗರು ಬೇಯ್ಸರ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿದ್ದರು. ಶಾಸನಸಭೆಗಳ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಸ್ಟೀಫನ್ ಅನ್ಸೊಲಬೆಹೆರ್ ಮತ್ತು ಸಂಗಡಿಗರು 1940ರಿಂದ 2002ರ ವರೆಗಿನ ಅಮೆರಿಕದ ಪತ್ರಿಕಾ ಬೆಂಬಲಗಳನ್ನು ಕಲೆಹಾಕಿದಾಗ, 1940ರ ದಶಕದಲ್ಲಿ ಅಧಿಕಾರದಲ್ಲಿದ್ದವರಿಗೇ ಬೆಂಬಲ ಸಿಗುತ್ತಿದ್ದ ಪ್ರಮಾಣ ನೂರಕ್ಕೆ 60ರಷ್ಟಿದ್ದದ್ದು ಕೊನೆಕೊನೆಗೆ 90ರ ಹತ್ತಿರ ಬಂದಿತ್ತು. ಏತವನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹತ್ತರಲ್ಲಿ ಒಂಬತ್ತು ಸಲ ಹಾಲಿ ಸದಸ್ಯರನ್ನೇ ಬೆಂಬಲಿಸಿದರೆ ಆ ಬೆಂಬಲ ಏತದ ತುದಿಯ ಕೊಡದ ಹಾಗೆ ಹಗುರ. ಹತ್ತನೆಯ ಸಲ ಕೈಬಿಟ್ಟದ್ದೇ ಕಲ್ಲು.

ನಮ್ಮಲ್ಲಿ ಮುಖ್ಯವಾಹಿನಿಯ ಪತ್ರಿಕೆಗಳು ಸಂಪಾದಕೀಯ ಬರೆದು 'ಇಂಥವರಿಗೆ ಮತ ಕೊಡಿ' ಎನ್ನುವುದು ತೀರಾ ಕಡಿಮೆ. ಆದರೆ ಕೇರಳದಲ್ಲಿ ಪಕ್ಷದ ಪತ್ರಿಕೆ ಎಂಬುದು ಬಚ್ಚಿಟ್ಟ ಸಂಗತಿಯಲ್ಲ. ದೇಶಾಭಿಮಾನಿ ಸಿಪಿಎಂನದು, ಚಂದ್ರಿಕ ಮುಸ್ಲಿಂ ಲೀಗಿನದು, ವೀಕ್ಷಣಂ ಕಾಂಗ್ರೆಸ್ಸಿನದು, ಜನ್ಮಭೂಮಿ ಬಿಜೆಪಿಯ ಪಾಳಯದ್ದು. ಬಣ್ಣ ಬಯಲಾಗಿದ್ದರೆ ಓದುಗನಿಗೆ ಲೆಕ್ಕ ಸುಲಭ. ಗಡಿನಾಡಿನ ಕನ್ನಡಿಗನಿಗೆ ಇದರ ಜೊತೆ ಗಡಿಯಾಚೆಯಿಂದ ಬರುವ ಕನ್ನಡ ಪತ್ರಿಕೆಗಳೂ ಇವೆ. ಎರಡು ಭಾಷೆಯ ಹಲವು ವಾಲುಗಳನ್ನು ಹೋಲಿಸಿ ನೋಡುವ ಈ ಅನುಕೂಲ ಬೆಂಗಳೂರಿನ ಓದುಗನಿಗೂ ಇಲ್ಲ, ತಿರುವನಂತಪುರದ ಓದುಗನಿಗೂ ಇಲ್ಲ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ ಎನ್ನುವುದೇ ನನ್ನ ಕೊರಗು.

ಓದುವ ಮಾತು ಬಂದದ್ದರಿಂದ ಒಂದು ಹಳೆಯ ಕತೆ. 1969ರಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಶುರುವಾಯಿತು. ಅಲ್ಲಿ, ಅದಕ್ಕೂ ಹಿಂದಿನ ಬೀಡಿ ಶೆಡ್ಡುಗಳಲ್ಲಿ, ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಬೀಡಿ ಸುರುಳುತ್ತಾ ಕೇಳುವುದು, ಓದಿದವರ ಪಾಲಿನ ಬೀಡಿಯನ್ನು ಕೇಳಿದವರು ಹಂಚಿಕೊಂಡು ತುಂಬಿಕೊಡುವುದು ರೂಢಿಯಾಗಿತ್ತು. 1940ರಲ್ಲಿ ಪಾಲ್ ಲಜಾರ್ಸ್‌ಫೆಲ್ಡ್ ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಮತದಾರರನ್ನು ಮೇಯಿಂದ ನವೆಂಬರ್ ತನಕ ಮತ್ತೆ ಮತ್ತೆ ಮಾತಾಡಿಸಿ ಕಂಡದ್ದೂ ಇಂಥದ್ದೇ. ಪತ್ರಿಕೆ, ರೇಡಿಯೊ ಬಹುಪಾಲು ಜನರನ್ನು ನೇರವಾಗಿ ತಟ್ಟುವುದಿಲ್ಲ. ಮೊದಲು ಊರಿನ ಓದಾಳಿಗಳನ್ನು ತಟ್ಟುತ್ತದೆ, ಅವರಿಂದ ಉಳಿದವರಿಗೆ ಇಳಿಯುತ್ತದೆ. ಆದ್ದರಿಂದ ಪತ್ರಿಕೆಯ ತೂಕವನ್ನು ಸರಿಯಾಗಿ ತೂಗುವ ಒಬ್ಬ ಓದುಗ ಒಂದು ಶೆಡ್ಡಿನ ಲೆಕ್ಕವನ್ನೇ ಸರಿಮಾಡಬಲ್ಲ.

ಈ ಇಡೀ ಏರ್ಪಾಡಿಗೆ ಹಿಡಿಯುವ ಗೆದ್ದಲೆಂದರೆ ಕಾಸಿಗೆ ಸುದ್ದಿ. ಎದುರು ಪಾಳಯದ ಪತ್ರಿಕೆಯ ಲೆಕ್ಕಕ್ಕೇ ಮರಳಿ. ನೂರರಲ್ಲಿ ಬರೇ ಐದು ಮಂದಿ ಅಭ್ಯರ್ಥಿಗಳು, ಯೋಗ್ಯರಿರಲಿ ಅಯೋಗ್ಯರಿರಲಿ, ದುಡ್ಡು ಕೊಟ್ಟು ಹೊಗಳಿಸಿಕೊಳ್ಳುತ್ತಾರೆ ಎನ್ನಿ. ಆಗ 200 ಯೋಗ್ಯರಲ್ಲಿ 10 ಮಂದಿಗೆ ದುಡ್ಡಿನ ಹೊಗಳಿಕೆ, ಉಳಿದವರಲ್ಲಿ 19 ಮಂದಿಗೆ ನಿಜದ ಹೊಗಳಿಕೆ, ಒಟ್ಟು 29. ಅಯೋಗ್ಯರಲ್ಲಿ ದುಡ್ಡಿನದು 10, ನಿಜದ್ದು ಒಂದು, ಒಟ್ಟು 11. ಹೊಗಳಿಕೆ ಪಡೆದ 40ರಲ್ಲಿ ಯೋಗ್ಯರು 29. 95 ಇದ್ದದ್ದು 73ರ ಸುತ್ತಮುತ್ತ ಬಂದು ಬಿತ್ತು! ಹಾಲಿನ ಕೊಡಕ್ಕೆ ಬಿದ್ದ ಹುಳಿಯ ಹಾಗೆ, ಐದೇ ಐದು. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ 2011ರ ಅಕ್ಟೋಬರಿನಲ್ಲಿ ಮೂರು ವರ್ಷಕ್ಕೆ ಅನರ್ಹಗೊಳಿಸಿದ್ದು ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು. ಕಾನೂನಿನ ಕಣ್ಣಿಗೆ ಅದು ಖರ್ಚಿನ ತಪ್ಪು. ಓದುಗನ ಕಣ್ಣಿಗೆ ತಕ್ಕಡಿಯೇ ಕೆಟ್ಟುಹೋದಂತೆ.

ತಕ್ಕಡಿ ಕೆಟ್ಟಿದೆ ಎಂಬ ಅನುಮಾನ ಬಂದ ಮೇಲೆ ಓದುಗ ಅಭ್ಯರ್ಥಿಯನ್ನು ಬಿಟ್ಟು ಪತ್ರಿಕೆಯನ್ನೇ ತೂಗಲು ತೊಡಗುತ್ತಾನೆ. 1890ರಲ್ಲಿ ಹುಟ್ಟಿದ 'ಅರಿಜೋನಾ ರಿಪಬ್ಲಿಕ್' 2016ರಲ್ಲಿ ಮೊತ್ತಮೊದಲ ಬಾರಿಗೆ ಡೆಮಾಕ್ರಟ್ ಅಧ್ಯಕ್ಷೀಯ ಅಭ್ಯರ್ಥಿಯನ್ನು ಬೆಂಬಲಿಸಿದಾಗ ಬಹಳ ಓದುಗರು ಅದನ್ನು ವಿಕರ್ಣನ ಮಾತೆಂದು ಕೇಳಲಿಲ್ಲ. ಪತ್ರಿಕೆಯೇ ದಾರಿ ತಪ್ಪಿತು ಎಂದು ಚಂದಾ ನಿಲ್ಲಿಸಿದರು. 2024ರ ಅಕ್ಟೋಬರಿನಲ್ಲಿ 'ವಾಷಿಂಗ್ಟನ್ ಪೋಸ್ಟ್' ಯಾರನ್ನೂ ಬೆಂಬಲಿಸುವುದಿಲ್ಲ ಎಂದು ಸುಮ್ಮನಾದಾಗ ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಚಂದಾ ಬಿಟ್ಟರು. ಆ ಮೌನವನ್ನು ಅವರು ಮಾಲೀಕನ ಮನಸ್ಸಿನ ಸುಳಿವೆಂದು ಓದಿದ್ದರು.

2021ರಲ್ಲಿ ಮಂಜೇಶ್ವರದಲ್ಲಿ ಅಂತರ 745. ಮತ್ತೆ ಅದೇ ಚಾ ಅಂಗಡಿ, ಮತ್ತೆ ಅವೇ ಎರಡು ಮಾತು. ಮಾಸ್ಟ್ರ ಪಕ್ಕ ಕೂತು ನಾನು ಅವರು ಪತ್ರಿಕೆ ಓದುವ ಕ್ರಮವನ್ನು ಗಮನಿಸಿದೆ. ಮುಖಪುಟ ನೋಡುವುದಿಲ್ಲ. ಮೊದಲು ತಮಗೆ ಒಗ್ಗದ ಪಕ್ಷದ ಪತ್ರಿಕೆ ತೆಗೆದು ಒಳಪುಟದ ಸಣ್ಣ ಸುದ್ದಿಗಳಿಗೆ ಬೆರಳಿಡುತ್ತಾರೆ. ಯಾಕೆ ಮಾಸ್ಟ್ರೇ ಎಂದು ಕೇಳಿದೆ. "ನಮ್ಮವರು ನಮ್ಮವರನ್ನು ಹೊಗಳಿದ್ದು ಓದದೆಯೂ ಗೊತ್ತಲ್ಲವೋ. ಇವರು ನಮ್ಮವನ ಬಗ್ಗೆ ಏನು ಬರೆಯದೆ ಬಿಟ್ಟಿದ್ದಾರೆ ನೋಡುವಾ" ಎಂದು ಕನ್ನಡಕ ಸರಿಮಾಡಿಕೊಂಡು ಮುಂದಿನ ಪುಟಕ್ಕೆ ಹೋದರು.