ನಾಳ ಕಿರಿದಾಗಿದೆ ಸರಿ, ಮಿದುಳಿಗೆ ರಕ್ತ ಎಷ್ಟು ಮುಟ್ಟುತ್ತಿದೆ?

ಬೀದರ್ ಕಡೆ ಮನೆಯಲ್ಲಿ ಯಾರಿಗಾದರೂ ಲಕ್ವಾ ಹೊಡೆದರೆ, ಸ್ಕ್ಯಾನ್ ರಿಪೋರ್ಟ್ ಬಂದ ಕೂಡಲೇ ಎಲ್ಲರ ಕಣ್ಣು ಒಂದೇ ಸಂಖ್ಯೆಯ ಮೇಲೆ ಬೀಳುತ್ತದೆ. ಕುತ್ತಿಗೆಯ ಎಡಗಡೆ ನಾಳ 80 ಪರ್ಸೆಂಟ್ ಬ್ಲಾಕ್. ಹಾಗಾದರೆ ಆ ಕಡೆ ಮಿದುಳಿಗೆ ಸಿಗುತ್ತಿರುವುದು ಬರೀ 20 ಪರ್ಸೆಂಟ್ ರಕ್ತವಾ? ಹಾಗೇನಿಲ್ಲ. 80 ಅನ್ನುವುದು ನಾಳ ಎಷ್ಟು ಕಿರಿದಾಗಿದೆ ಅನ್ನುವ ಲೆಕ್ಕ. ಮಿದುಳಿಗೆ ಎಷ್ಟು ರಕ್ತ ಮುಟ್ಟುತ್ತಿದೆ ಅನ್ನುವುದು ಬೇರೆಯೇ ಲೆಕ್ಕ. ಜೀವ ನಿಂತಿರುವುದು ಈ ಎರಡನೆಯದರ ಮೇಲೆ.

ಆರೋಗ್ಯವಂತರಲ್ಲಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಕೆಳಗೆ ಇಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. ಕೈ ಏಳುವುದಿಲ್ಲ, ಮಾತು ತೊದಲುತ್ತದೆ. 10ರ ಆಸುಪಾಸಿಗೆ ಬಂದರೆ ಕೋಶಗಳು ಬೇಗ ಸಾಯತೊಡಗುತ್ತವೆ.

ನಾಳ ಮುಚ್ಚಿದರೂ ಎಷ್ಟೋ ಜನ ಚೆನ್ನಾಗಿಯೇ ಓಡಾಡಿಕೊಂಡಿರಲು ಕಾರಣವಿದೆ. ಮಿದುಳಿನ ಬುಡದಲ್ಲಿ ಎಡಬಲದ ನಾಳಗಳು ಒಂದು ಸುತ್ತಿನಲ್ಲಿ ಕೂಡಿಕೊಂಡಿವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರಿಸಿದರು. ಅವರು ಶವಪರೀಕ್ಷೆ ಮಾಡಿದ ಒಬ್ಬರಲ್ಲಿ ಕುತ್ತಿಗೆಯ ಒಂದು ಕಡೆಯ ನಾಳ ಮುಚ್ಚಿಹೋಗಿತ್ತು, ಆದರೆ ಆ ಮನುಷ್ಯನಿಗೆ ಲಕ್ವಾ ಆಗಿರಲಿಲ್ಲ. ರಕ್ತ ಬೇರೆ ದಾರಿಯಿಂದ ಬರುತ್ತಿತ್ತು. ಈ ಸುತ್ತು ಎಲ್ಲರಲ್ಲೂ ಪೂರ್ತಿಯಾಗಿ ಇರುವುದಿಲ್ಲ. ಹಾಗಾಗಿ ಒಂದೇ 80 ಪರ್ಸೆಂಟ್ ಒಬ್ಬರಿಗೆ ಏನೂ ಮಾಡದು, ಇನ್ನೊಬ್ಬರನ್ನು ಮಲಗಿಸಿಬಿಡುತ್ತದೆ.

ಹರಿವನ್ನೇ ಅಳೆಯಬೇಕು ಅಂದರೆ ಎಂಆರ್‌ಐನಲ್ಲಿ ಒಂದು ಸೊಗಸಾದ ದಾರಿಯಿದೆ. ಹೆಸರು ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್. 1992ರಲ್ಲಿ ಅಮೆರಿಕದ ಜಾನ್ ಡೆಟ್ರಿ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಇದನ್ನು ಮಾಡಿ ತೋರಿಸಿದರು. ಇದಕ್ಕೆ ಸೂಜಿ ಬೇಡ, ಔಷಧಿಯೂ ಬೇಡ. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ನೆಲದಡಿಯ ಕಾಲುವೆ, ಮೇಲೆ ಅಲ್ಲಲ್ಲಿ ಬಾವಿ. ಒಂದು ಬಾವಿಯಲ್ಲಿ ನೀರಿಗೆ ಬಣ್ಣ ಬಿಟ್ಟು, ಮುಂದಿನ ಬಾವಿಯಲ್ಲಿ ಬಗ್ಗಿ ಕಾದು ನೋಡಿದರೆ ನೀರು ಎಷ್ಟು ಬರುತ್ತಿದೆ, ಯಾವಾಗ ಬರುತ್ತಿದೆ ಅಂತ ತಿಳಿಯುತ್ತದೆ. ಇಲ್ಲಿ ಬಣ್ಣದ ಬದಲು ಕಾಂತತ್ವ. ಕುತ್ತಿಗೆಯಲ್ಲಿ ಹಾದುಹೋಗುವ ರಕ್ತದ ನೀರಿನ ಕಣಗಳನ್ನು ಯಂತ್ರ ರೇಡಿಯೋ ಅಲೆಯಿಂದ ತಿರುಗಿಸಿ ಗುರುತು ಹಾಕುತ್ತದೆ. ಸುಮಾರು ಎರಡು ಸೆಕೆಂಡ್ ಕಾದು ಮಿದುಳಿನ ಚಿತ್ರ ತೆಗೆಯುತ್ತದೆ. ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಈಗಷ್ಟೇ ಬಂದು ಸೇರಿದ ರಕ್ತ. ವ್ಯತ್ಯಾಸ ಶೇ 1ರ ಆಸುಪಾಸು ಮಾತ್ರ. ಅದಕ್ಕೇ ಮತ್ತೆ ಮತ್ತೆ ತೆಗೆದು ಸರಾಸರಿ ಮಾಡಬೇಕು. ನಾಲ್ಕೈದು ನಿಮಿಷ ತಲೆ ಅಲ್ಲಾಡಿಸಬೇಡಿ ಎಂದು ಟೆಕ್ನಿಷಿಯನ್ ಒತ್ತಿ ಹೇಳುವುದು ಸುಮ್ನೆ ಅಲ್ಲ.

ನಾಳ ಕಿರಿದಾದವರಲ್ಲಿ ಕಷ್ಟ ಶುರುವಾಗುವುದು ಆ ಎರಡು ಸೆಕೆಂಡಿನಲ್ಲೇ. ರಕ್ತ ಸುತ್ತು ಬಳಸಿ ತಡವಾಗಿ ಬರುತ್ತದೆ. ಚಿತ್ರ ತೆಗೆಯುವ ಹೊತ್ತಿಗೆ ಅದಿನ್ನೂ ದಾರಿಯಲ್ಲೇ ಇರುತ್ತದೆ. ಆಗ ಮಿದುಳಿನ ಆ ಭಾಗ ಕಪ್ಪಾಗಿ ಕಾಣುತ್ತದೆ, ರಕ್ತವೇ ಇಲ್ಲವೇನೋ ಅನ್ನುವಂತೆ. ಪಕ್ಕದಲ್ಲೇ ಡೊಂಕುಡೊಂಕಾದ ಬಿಳಿ ಗೆರೆಗಳು ಹೊಳೆಯುತ್ತವೆ. ಪಳಗಿದ ರೇಡಿಯಾಲಜಿಸ್ಟ್ ಮೊದಲು ಹುಡುಕುವುದು ಈ ಗೆರೆಗಳನ್ನೇ. ಅವು ನಾಳದೊಳಗೆ ಇನ್ನೂ ನಡೆದು ಬರುತ್ತಿರುವ ರಕ್ತ. ತಡವಾಗಿ ಬರುವುದು ಬೇರೆ, ಬಾರದೇ ಇರುವುದು ಬೇರೆ. ಇವೆರಡನ್ನು ಬೇರೆ ಮಾಡಿ ನೋಡುವುದೇ ಈ ಪರೀಕ್ಷೆಯ ಜೀವಾಳ ಅಂತ ನನಗನಿಸುತ್ತದೆ.

ಹಾಗಾದರೆ ಜಾಸ್ತಿ ಹೊತ್ತು ಕಾಯಬಹುದು ಅಲ್ವಾ? ಕಾಯಬಹುದು, ಆದರೆ ಗುರುತು ಅಳಿಸಿಹೋಗುತ್ತದೆ. 3 ಟೆಸ್ಲಾ (ಟೆಸ್ಲಾ ಅನ್ನುವುದು ಕಾಂತದ ಬಲದ ಅಳತೆ) ಎಂಆರ್‌ಐ ಯಂತ್ರದಲ್ಲಿ ಒಂದೂವರೆ ಸೆಕೆಂಡಿಗೆ ಸ್ವಲ್ಪ ಮೇಲಾಗುವಷ್ಟರಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಅದಕ್ಕೆ ಈಗ ಬೇರೆ ಬೇರೆ ಹೊತ್ತು ಕಾದು ಹಲವು ಚಿತ್ರ ತೆಗೆಯುತ್ತಾರೆ. ಅದರಿಂದ ಹರಿವಿನ ಜೊತೆ ರಕ್ತ ಬಂದು ಮುಟ್ಟುವ ಸಮಯವೂ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಮೀಸಲು ಶಕ್ತಿಯದು. ಹರಿವು ಕಡಿಮೆಯಾದಾಗ ಮಿದುಳಿನ ಸಣ್ಣ ನಾಳಗಳು ತಾವೇ ಹಿಗ್ಗಿ ಸರಿದೂಗಿಸುತ್ತವೆ. ಅಸೆಟಜೋಲಮೈಡ್ ಅನ್ನುವ, ನಾಳ ಹಿಗ್ಗಿಸುವ ಔಷಧಿ ಕೊಟ್ಟರೆ ಆರೋಗ್ಯವಂತ ಭಾಗದಲ್ಲಿ ಹರಿವು ಏರುತ್ತದೆ. ಏರದಿದ್ದರೆ ಅಲ್ಲಿನ ನಾಳಗಳು ಆಗಲೇ ಪೂರ್ತಿ ಹಿಗ್ಗಿವೆ, ಇನ್ನು ಉಳಿದದ್ದೇನೂ ಇಲ್ಲ.

ಹರಿವು ಕಡಿಮೆ ಇದೆ ಅಂದ ಮಾತ್ರಕ್ಕೆ ಬೈಪಾಸ್, ಅಂದರೆ ನೆತ್ತಿಯ ಚರ್ಮದ ನಾಳವನ್ನು ಮಿದುಳಿನ ನಾಳಕ್ಕೆ ಜೋಡಿಸುವ ಆಪರೇಷನ್, ಮಾಡಿಸಿಬಿಡಬೇಕು ಅಂತಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಕುತ್ತಿಗೆಯ ನಾಳ ಪೂರ್ತಿ ಮುಚ್ಚಿದವರಿಗೆ ಬೈಪಾಸ್ ಮಾಡಿದಾಗ ಮಿದುಳಿನ ರಕ್ತದ ಪೂರೈಕೆ ಸುಧಾರಿಸಿತು. ಆದರೆ ಎರಡು ವರ್ಷದ ಲೆಕ್ಕದಲ್ಲಿ ಲಕ್ವಾ ಕಡಿಮೆಯಾಗಲಿಲ್ಲ. ಆಪರೇಷನ್ ಆದ ಮೊದಲ ತಿಂಗಳಲ್ಲೇ ಆದ ಲಕ್ವಾಗಳು ಲಾಭವನ್ನು ನುಂಗಿಹಾಕಿದ್ದವು.

ಮೀಸಲು ಮುಗಿದವರಿಗೆ ಬಿಪಿ ಕುಸಿಯುವುದೇ ದೊಡ್ಡ ಅಪಾಯ. ಕಲಬುರಗಿಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಕುಡಿಯದೆ ಹೊಲದಲ್ಲಿ ದುಡಿದರೆ ಬಿಪಿ ಇಳಿಯುತ್ತದೆ, ಕಿರಿದಾದ ನಾಳದಾಚೆ ರಕ್ತ ಸಾಲದಾಗುತ್ತದೆ. ಇಂಥವರ ಬಿಪಿ ಎಷ್ಟಿರಬೇಕು ಅಂತ ವೈದ್ಯರು ನೋಡಿ ಹೇಳಬೇಕು. ಮನೆಯವರು ಗುಳಿಗೆ ಬಿಡಿಸುವುದೂ ಬೇಡ, ಹೆಚ್ಚಿಸುವುದೂ ಬೇಡ. ಎದ್ದು ನಿಂತಾಗ ಕೈ ನಡುಗಿದರೆ, ಮಾತು ತಪ್ಪಿದರೆ, ಐದು ನಿಮಿಷದಲ್ಲಿ ಸರಿಹೋದರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಹಳೆಯ ಫಿಲ್ಮ್‌ಗಳನ್ನೂ ಜೊತೆಗಿಟ್ಟುಕೊಳ್ಳಿ.