‘ಡ್ಯೂಟಿ ನೆನೆದರೆ ಅಳು ಬರುತ್ತೆ, ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?’

ಪ್ರಶ್ನೆ: ಅಕ್ಕ, ನಾನು ಒಂದು ಪ್ರೈವೇಟ್ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಸೇರಿ ಮೂರು ವರ್ಷ ಆಯ್ತು. ನೈಟ್ ಮುಗಿಸಿ ಬಂದರೂ ನಿದ್ದೆ ಬರಲ್ಲ. ಯೂನಿಫಾರ್ಮ್ ಇಸ್ತ್ರಿ ಮಾಡುವಾಗಲೇ ಎದೆ ಹೊಡ್ಕೊಳುತ್ತೆ, ಅಳು ಬರುತ್ತೆ. ಮೊದಲು ಪೇಶೆಂಟ್‌ಗಳ ಹತ್ತಿರ ಚೆನ್ನಾಗಿ ಮಾತಾಡ್ತಿದ್ದೆ, ಈಗ ಸುಮ್ಸುಮ್ನೆ ರೇಗ್ತೀನಿ. ಉಳಿದವರೆಲ್ಲ ಮಾಡ್ತಾ ಇಲ್ವಾ? ನನ್ನ ಮನಸ್ಸೇ ವೀಕಾ? ಕೆಲಸ ಬಿಟ್ಟುಬಿಡಲಾ?

ಉತ್ತರ: ತಂಗಿ, ಮೊದಲು ನನಗೊಂದು ವಿಷಯ ಹೇಳಿ. ನಿನ್ನೆ ರಾತ್ರಿ ನಿಮ್ಮ ಕೈಕೆಳಗೆ ಎಷ್ಟು ಪೇಶೆಂಟ್‌ಗಳಿದ್ದರು?

ಇಂಥ ಪತ್ರ ಬರೆಯುವವರು ಯಾರೂ ಈ ಲೆಕ್ಕ ಬರೆಯುವುದಿಲ್ಲ. ಎಲ್ಲರೂ ತಮ್ಮ ಮನಸ್ಸಿನ ಮೇಲೇ ತಪ್ಪು ಹೊರಿಸಿಕೊಂಡಿರುತ್ತಾರೆ. ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ನಿಮ್ಮ ಅಳುವಿನ ದೊಡ್ಡ ಪಾಲು ಆ ಲೆಕ್ಕದಲ್ಲೇ ಇದೆ.

ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರಕಾರ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ಪೇಶೆಂಟ್‌ಗಳಿಗೆ ಒಬ್ಬ ನರ್ಸ್ ಇರಬೇಕು. ಬೇರೆ ಆಸ್ಪತ್ರೆಗಳಲ್ಲಿ 5 ಜನಕ್ಕೆ ಒಬ್ಬರು. ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ರಜೆ ಹಾಕುವವರ ಜಾಗ ತುಂಬಲು ಇದರ ಮೇಲೆ ಇನ್ನೂ ಶೇ 30ರಷ್ಟು ಮಂದಿ. ಇದನ್ನು ಓದಿ ನಿಮಗೆ ನಗು ಬಂದಿರಬಹುದು. ನಮ್ಮ ವಾರ್ಡಿನಲ್ಲಿ ರಾತ್ರಿ 28 ಬೆಡ್ಡಿಗೆ ಇಬ್ಬರಿದ್ದೆವು. ಒಬ್ಬಳು ಐಸಿಯುಗೆ ಪೇಶೆಂಟ್ ಶಿಫ್ಟ್ ಮಾಡಲು ಹೋದರೆ ಉಳಿಯುವುದು ಇನ್ನೊಬ್ಬಳೇ.

ಅಂಥ ಒಂದು ರಾತ್ರಿ 2 ಗಂಟೆಯ ಆಂಟಿಬಯೋಟಿಕ್ ಹಾಕುತ್ತಿದ್ದೆ. 9ನೇ ಬೆಡ್ಡಿನ ಅಜ್ಜಿ, ‘ಮಗಾ, ಒಂಚೂರು ಬಿಸ್ನೀರು ಕೊಡವ್ವ’ ಎಂದರು. ‘ಬಂದೆ ಅಜ್ಜಿ’ ಎಂದೆ. ಅಷ್ಟರಲ್ಲಿ ಆಚೆ ಸಾಲಿನಲ್ಲಿ ಒಬ್ಬರಿಗೆ ಡ್ರಿಪ್ ಹಾಕಿದ ಕೈ ಊದಿಕೊಂಡಿತ್ತು, ಕ್ಯಾನುಲಾ (ನರಕ್ಕೆ ಚುಚ್ಚಿದ ಸಣ್ಣ ಕೊಳವೆ) ತೆಗೆದು ಬೇರೆ ಕಡೆ ಹಾಕಬೇಕಾಯಿತು. ಅದು ಮುಗಿಯುವ ಮುಂಚೆಯೇ ಕ್ಯಾಶುವಾಲ್ಟಿಯಿಂದ ಹೊಸ ಅಡ್ಮಿಷನ್ ಬಂತು. ನಾಲ್ಕೂವರೆಗೆ ಫ್ಲಾಸ್ಕ್ ಹಿಡಿದು ಹೋದರೆ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಲಾಕರ್ ಮೇಲೆ ಅವರ ಸ್ಟೀಲ್ ಲೋಟ, ಒಣಗಿದ್ದು. ಬೆಳಗ್ಗೆ ಓವರ್ ಕೊಡುವಾಗ, ಅಂದರೆ ಮುಂದಿನ ಶಿಫ್ಟಿನವರಿಗೆ ವಾರ್ಡ್ ಒಪ್ಪಿಸುವಾಗ, ಎಲ್ಲ ಇಂಜೆಕ್ಷನ್ ಟೈಮಿಗೆ ಸರಿಯಾಗಿ ಆಗಿತ್ತು. ಚಾರ್ಟ್ ನೀಟಾಗಿತ್ತು. ಇನ್‌ಚಾರ್ಜ್ ಸಿಸ್ಟರ್ ಏನೂ ಅನ್ನಲಿಲ್ಲ, ಅಜ್ಜಿಯೂ ಅನ್ನಲಿಲ್ಲ. ಆ ಲೋಟ ಮಾತ್ರ ಇವತ್ತಿಗೂ ನನ್ನ ಕಣ್ಣಮುಂದೆ ಬರುತ್ತದೆ.

ಸರಿ ಯಾವುದು ಎಂದು ಗೊತ್ತಿರುತ್ತದೆ, ಆದರೆ ಇರುವ ವ್ಯವಸ್ಥೆಯಲ್ಲಿ ಅದನ್ನು ಮಾಡಲು ಆಗುವುದಿಲ್ಲ. ಆಗ ಒಳಗೆ ಉಳಿಯುವ ಸಂಕಟಕ್ಕೆ ಆಂಡ್ರ್ಯೂ ಜೇಮ್ಟನ್ ಎಂಬ ಅಮೆರಿಕದ ಚಿಂತಕರು 1984ರಲ್ಲೇ ಒಂದು ಹೆಸರು ಕೊಟ್ಟರು: ನೈತಿಕ ಸಂಕಟ. ಅವರು ಅದನ್ನು ಗುರುತಿಸಿದ್ದೇ ನರ್ಸ್‌ಗಳ ಕೆಲಸದ ಬಗ್ಗೆ ಬರೆಯುವಾಗ. ಮನಸ್ಸು ವೀಕ್ ಇದ್ದವರಿಗೆ ಬರುವ ನೋವಲ್ಲ ಇದು. ಪೇಶೆಂಟ್ ಬಗ್ಗೆ ಕಾಳಜಿ ಇಲ್ಲದವರಿಗೆ ಇದು ಬರುವುದೇ ಇಲ್ಲ.

ಲೆಕ್ಕದ ಮಾತಿಗೆ ಪುರಾವೆಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಏಕನ್ ಮತ್ತು ಅವರ ಜೊತೆಗಾರರು 168 ಆಸ್ಪತ್ರೆಗಳ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳುವವರಲ್ಲಿ ಒಬ್ಬೇ ಒಬ್ಬ ಪೇಶೆಂಟ್ ಜಾಸ್ತಿಯಾದರೂ ಆಕೆ ಕೆಲಸದ ಭಾರಕ್ಕೆ ಬಸವಳಿಯುವ, ಅಂದರೆ ಬರ್ನ್‌ಔಟ್ ಆಗುವ ಸಂಭವ ಶೇ 23ರಷ್ಟು ಏರುತ್ತಿತ್ತು. ಸರ್ಜರಿ ಆದವರು 30 ದಿನದೊಳಗೆ ಸಾಯುವ ಸಂಭವವೂ ಶೇ 7ರಷ್ಟು ಏರುತ್ತಿತ್ತು. ಅದಕ್ಕೇ ನಿಮ್ಮ ಸುಸ್ತು ನಿಮ್ಮೊಬ್ಬರ ವಿಷಯ ಅಲ್ಲವೇ ಅಲ್ಲ, ಆ ಬೆಡ್ಡಿನಲ್ಲಿ ಮಲಗಿದವರ ಜೀವದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಾನೂನು ಮಾಡಿ, 2004ರಿಂದ ಒಬ್ಬ ನರ್ಸಿಗೆ ಎಷ್ಟು ಪೇಶೆಂಟ್ ಎಂಬುದಕ್ಕೆ ಮಿತಿ ಹಾಕಿದ್ದಾರೆ.

ಇನ್ನು ನಿಮ್ಮ ರೇಗಾಟ. ಲಂಡನ್ನಿನ ಒಂದು ಆಸ್ಪತ್ರೆಯ ನರ್ಸ್‌ಗಳನ್ನು ಹತ್ತಿರದಿಂದ ನೋಡಿದ ಇಸಬೆಲ್ ಮೆಂಝೀಸ್ ಎಂಬ ಮನೋವಿಶ್ಲೇಷಕಿ 1960ರಲ್ಲಿ ಒಂದು ಮಾತು ಗಮನಿಸಿದ್ದರು. ಅಲ್ಲಿ ಪೇಶೆಂಟ್‌ಗೆ ಹೆಸರಿಲ್ಲ, ‘10ನೇ ಬೆಡ್ಡಿನ ಲಿವರ್’ ಎನ್ನುತ್ತಿದ್ದರಂತೆ. ನಾವೂ ಹಾಗೇ ಅಲ್ವಾ? ‘12 ಡಿಸ್ಚಾರ್ಜ್, 15 ಸ್ಕ್ಯಾನಿಂಗ್.’ ಹೆಸರಿಟ್ಟು ಕರೆದರೆ ಹಚ್ಚಿಕೊಳ್ಳುತ್ತೇವೆ, ಹಚ್ಚಿಕೊಂಡರೆ ನೋಯುತ್ತದೆ. ಅದಕ್ಕೆ ಮನಸ್ಸು ದೂರ ಸರಿಯುತ್ತದೆ. ದೂರ ಸರಿದದ್ದು ಸಾಲದಾದಾಗ ರೇಗುತ್ತದೆ. ನೀವು ಕೆಟ್ಟವರಾಗಿಲ್ಲ, ಸಾಕಾಗಿ ಹೋಗಿದ್ದೀರಿ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆಯುವುದಿಲ್ಲ, ಕೆಲಸಕ್ಕೆ ಅಂಟಿದ ಸ್ಥಿತಿ ಎನ್ನುತ್ತದೆ. ಸುಸ್ತು, ಕೆಲಸದ ಬಗ್ಗೆ ಬೇಸರ, ಏನು ಮಾಡಿದರೂ ಸರಿ ಆಗ್ತಿಲ್ಲ ಎಂಬ ಭಾವನೆ, ಈ ಮೂರೂ ಸೇರಿದ್ದು ಅದು. ಡಿಪ್ರೆಶನ್ ಬೇರೆ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಊರಿಗೆ ಹೋಗಿ ನಾಲ್ಕು ದಿನ ಇದ್ದರೆ ಮನಸ್ಸು ತಿಳಿಯಾಗುತ್ತದಾ? ಹಾಗಿದ್ದರೆ ಬಹುಶಃ ಕೆಲಸದ ಭಾರ. ಅಲ್ಲೂ ಯಾವುದೂ ಬೇಡ ಅನಿಸುತ್ತದಾ, ಊಟ ಸೇರಲ್ವಾ, ತಂಗಿ ಮಕ್ಕಳ ಜೊತೆ ಆಡಲೂ ಮನಸ್ಸಿಲ್ವಾ? ಇದು ಎರಡು ವಾರ ಬಿಡದೆ ಇದ್ದರೆ ಡಾಕ್ಟರನ್ನು ನೋಡಲೇಬೇಕು. ಒಂದು ಇನ್ನೊಂದಕ್ಕೆ ತಿರುಗುವುದೂ ಉಂಟು. ಸಾಯಬೇಕು ಎಂಬ ಯೋಚನೆ ಒಂದು ಸಲ ಬಂದಿದ್ದರೂ ಎರಡು ವಾರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

ಇನ್ನೊಂದು ಮಾತು, ನಮ್ಮವರಲ್ಲಿ ನೋಡಿದ್ದಕ್ಕೆ ಹೇಳುತ್ತಿದ್ದೇನೆ. ವಾರ್ಡಿನಲ್ಲಿ ಕೈಗೆ ಸಿಗುತ್ತದೆ ಎಂದು ನಿದ್ದೆ ಮಾತ್ರೆಯನ್ನು ತಾವೇ ನುಂಗಬೇಡಿ. ಅದು ಅಭ್ಯಾಸವಾದರೆ ಬಿಡಿಸುವುದು ಕಷ್ಟ ಎಂದು ನಿಮಗೇ ಚೆನ್ನಾಗಿ ಗೊತ್ತು.

ನಿದ್ದೆ ಯಾಕೆ ಬರಲ್ಲ ಎಂದರೆ, ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನ್ ಕತ್ತಲಾದಾಗ ಏರುತ್ತದೆ, ಬೆಳಕು ಕಂಡರೆ ಇಳಿಯುತ್ತದೆ. ನೀವು ಬೆಳಗ್ಗೆ ಬಿಸಿಲಲ್ಲಿ ಬಸ್ ಸ್ಟಾಪಿನಲ್ಲಿ ನಿಂತಾಗ ಮೈ ‘ಏಳೋ ಹೊತ್ತು’ ಎಂದುಕೊಳ್ಳುತ್ತದೆ. ಬರುವಾಗ ತಂಪು ಕನ್ನಡಕ ಹಾಕಿ. ರಾತ್ರಿ 2ರ ಮೇಲೆ ಕಾಫಿ, ಟೀ ಬೇಡ. ರೂಮಿನ ಕಿಟಕಿಗೆ ದಪ್ಪ ಪರದೆ ಹಾಕಿ, ಇಲ್ಲದಿದ್ದರೆ ಹಳೆ ಬೆಡ್‌ಶೀಟಾದರೂ ಸರಿ. ಇದೆಲ್ಲಕ್ಕಿಂತ ಮುಖ್ಯ ಮನೆಯವರು. ‘ಹಗಲೆಲ್ಲ ಮಲಗಿರ್ತಾಳೆ’ ಎನ್ನುವವರಿಗೆ ನಿಮ್ಮ ಬೆಳಗಿನ 9 ಅವರ ರಾತ್ರಿಯ 10 ಎಂದು ಒಮ್ಮೆ ಕೂರಿಸಿ ಹೇಳಿ. ನೈಟ್ ಮುಗಿಸಿ ಬಂದು ತಿಂಡಿ ಮಾಡಿ, ಪಾತ್ರೆ ತೊಳೆದು, ಮಗುವನ್ನು ಸ್ಕೂಲಿಗೆ ಬಿಟ್ಟು 11ಕ್ಕೆ ಮಲಗುವ ನರ್ಸ್‌ಗಳು ನಮ್ಮಲ್ಲಿ ಎಷ್ಟು ಜನ! ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ವಾರ್ಡಿನ ಲೆಕ್ಕವನ್ನೂ ಸುಮ್ಮನೆ ಬಿಡಬೇಡಿ. ಒಂದು ಸಣ್ಣ ಡೈರಿ ಇಡಿ. ದಿನಾಂಕ, ಶಿಫ್ಟ್, ಪೇಶೆಂಟ್ ಎಷ್ಟು, ಸ್ಟಾಫ್ ಎಷ್ಟು, ಡಬಲ್ ಡ್ಯೂಟಿ ಇತ್ತಾ. ಪೇಶೆಂಟ್‌ಗಳ ಹೆಸರು ಮಾತ್ರ ಬರೆಯಬೇಡಿ. ಒಂದು ತಿಂಗಳಾದ ಮೇಲೆ ವಾರ್ಡಿನವರೆಲ್ಲ ಸಹಿ ಮಾಡಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ. ಒಬ್ಬರೇ ಹೋದರೆ ‘ನಿಂಗೆ ಆಗಲ್ಲ ಅಂದ್ರೆ ಬಿಡು’ ಎಂಬ ಉತ್ತರ ಬರಬಹುದು. ಹತ್ತು ಸಹಿ ಇರುವ ಕಾಗದಕ್ಕೆ ಹಾಗೆ ಹೇಳುವುದು ಅಷ್ಟು ಸುಲಭವಲ್ಲ. ಕೇಳುವಾಗ ಒಂದೇ ಒಂದು ಕೇಳಿ, ಉದಾಹರಣೆಗೆ ನೈಟಿಗೆ ಇನ್ನೊಬ್ಬರು.

ಕೆಲಸ ಬಿಡುವ ಮಾತು ಈಗ ಬೇಡ. ಬಿಡುವುದು ತಪ್ಪು ಅಂತಲ್ಲ, ಬಿಟ್ಟು ನೆಮ್ಮದಿ ಕಂಡವರೂ ಇದ್ದಾರೆ. ಡಯಾಲಿಸಿಸ್ ಯೂನಿಟ್‌ಗೋ ಒಪಿಡಿಗೋ ಬದಲಿಸಿಕೊಂಡು ಉಸಿರಾಡಿದವರೂ ಇದ್ದಾರೆ. ಆದರೆ ನೈಟ್ ಡ್ಯೂಟಿಯ ನಡುವೆ, ನಿದ್ದೆಗೆಟ್ಟ ತಲೆಯಲ್ಲಿ ಆ ತೀರ್ಮಾನ ಮಾಡಬೇಡಿ. ಮೊದಲು ಬಾಕಿ ಇರುವ ಸಿ-ಆಫ್ (ಹೆಚ್ಚುವರಿ ಡ್ಯೂಟಿಗೆ ಬದಲಾಗಿ ಸಿಗುವ ರಜೆ) ಎಲ್ಲ ಸೇರಿಸಿ ಒಂದು ವಾರ ರಜೆ ಕೇಳಿ.

ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಆಸ್ಪತ್ರೆಯವರಿಗೆ ಗೊತ್ತಾಗುತ್ತದೆ ಎಂಬ ಭಯ ಬೇಡ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಈ ವಾರದ ನಿಮ್ಮ ಆಫ್ ಯಾವತ್ತು, ರೋಸ್ಟರ್ ನೋಡಿ. ಅವತ್ತು ಚೆನ್ನಾಗಿ ನಿದ್ದೆ ಮಾಡಿ ಎದ್ದು, ಕಾಫಿ ಕುಡಿದು ಮಾತಾಡಿ.